ನೇರಳೆ ನೂಲಿನ ಬಿರಡೆ

ಈಸ್ಟನ್ನು ಗಾಜಿನ ಚೂರಿನ ಮೇಲೆ ದಪ್ಪಗೆ ಸವರಿ, ಕಿಟಕಿಯ ಬೆಳಕಿಗೆ ಹಿಡಿದು, ಬೆರಳುದ್ದದ ಹಿತ್ತಾಳೆಯ ಕೊಳವೆಯೊಳಗಿಂದ ನೋಡಿದರೆ ಕಾಮನಬಿಲ್ಲಿನ ಬಣ್ಣಗಳು ಸಾಲಾಗಿ ಕಾಣುತ್ತವೆ. ಆ ಬಣ್ಣಗಳ ಮೇಲೆ ಯಾರೋ ಸೀಸದಕಡ್ಡಿಯಲ್ಲಿ ಎಳೆದಂತೆ ನಾಲ್ಕು ಕಪ್ಪು ಗೆರೆಗಳಿರುತ್ತವೆ. ಎಪ್ಪತ್ತರ ದಶಕದ ನಡುವಿನ ಎರಡು ವರ್ಷ, ಸೊಲ್ಲಾಪುರದ ಒಂದು ಕಾಲೇಜಿನ ಹಿಂಬದಿಯ ಕೋಣೆಯಲ್ಲಿ, ಆ ನಾಲ್ಕು ಗೆರೆಗಳೇ ನನ್ನ ಸಂಗಾತಿಗಳಾಗಿದ್ದವು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಮೂವತ್ತೆರಡು ವರ್ಷದ ಹೆಂಗಸಿಗೆ ನಾಲ್ಕು ಗೆರೆಗಳನ್ನು ಬಿಟ್ಟರೆ ಬೇರೆ ಸಂಗಾತಿ ಇರಲಿಲ್ಲ ಎನ್ನುವುದರಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲ.

ಆ ಕೊಳವೆಯನ್ನು ಕೊಟ್ಟವರು ಪುಣೆಯಲ್ಲಿದ್ದ ನನ್ನ ಪಿಎಚ್.ಡಿ. ಮಾರ್ಗದರ್ಶಕರು. ಅದು ಕೈಯಲ್ಲಿ ಹಿಡಿಯುವ ಸ್ಪೆಕ್ಟ್ರೋಸ್ಕೋಪು, ಅವರು ವಿದ್ಯಾರ್ಥಿಯಾಗಿದ್ದಾಗ ಬಳಸಿದ್ದು. ನಿಮ್ಮ ಕಾಲೇಜಿನಲ್ಲಿ ಇನ್ನೇನೂ ಇಲ್ಲ, ಇದನ್ನಾದರೂ ಇಟ್ಟುಕೊಳ್ಳಿ ಎಂದಿದ್ದರು. ನಿಜವಾಗಿಯೂ ಏನೂ ಇರಲಿಲ್ಲ. ಬೆಳಿಗ್ಗೆ ಸಸ್ಯಶಾಸ್ತ್ರದ ಪಾಠ ಮುಗಿಸಿ, ಮುರುಕು ಬೆಂಚುಗಳನ್ನು ಪೇರಿಸಿಟ್ಟಿದ್ದ ಒಂದು ಕೋಣೆಯ ಅರ್ಧವನ್ನು ಗುಡಿಸಿಕೊಂಡು ಅಲ್ಲಿ ಪ್ರಯೋಗ ಮಾಡುತ್ತಿದ್ದೆ. ಕ್ರಿಮಿ ಕೊಲ್ಲುವ ಯಂತ್ರದ ಬದಲು ಮನೆಯ ಹಳೆಯ ಪ್ರೆಶರ್ ಕುಕ್ಕರು. ರಸಾಯನಶಾಸ್ತ್ರ ವಿಭಾಗದಲ್ಲೊಂದು ಫ್ರಿಜ್ಜಿತ್ತು, ಅದು ತನಗೆ ಮನಸ್ಸು ಬಂದಾಗ ಮಾತ್ರ ತಣ್ಣಗಾಗುತ್ತಿತ್ತು.

ಏನು ಹುಡುಕುತ್ತಿದ್ದೆ ಎಂದು ಆಗ ಯಾರಾದರೂ ಕೇಳಿದ್ದರೆ ಒಂದು ಗಂಟೆ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ, ಹಾಗಾಗಿ ಈಗ ಹೇಳುತ್ತೇನೆ. ನಮ್ಮ ಜೀವಕೋಶಗಳಲ್ಲಿ, ಈಸ್ಟಿನ ಜೀವಕೋಶದಲ್ಲಿಯೂ, ಉಸಿರಾಟದ ಕೆಲಸ ಮಾಡುವ ಪುಟ್ಟ ಅಂಗಗಳಿವೆ. ಅವೇ ಮೈಟೊಕಾಂಡ್ರಿಯಾ. ಅವುಗಳಿಗೆ ತಮ್ಮದೇ ಒಂದಿಷ್ಟು ಡಿಎನ್ಎ ಇದೆ, ತಮ್ಮದೇ ಪುಟ್ಟ ಕಾರ್ಖಾನೆಯೂ ಇದೆ. ಆದರೂ ಬೇಕಾದ ನೂರಾರು ಪ್ರೋಟೀನುಗಳಲ್ಲಿ ಬೆರಳೆಣಿಕೆಯಷ್ಟನ್ನು ಮಾತ್ರ ತಾವೇ ಮಾಡಿಕೊಳ್ಳುತ್ತವೆ. ಉಳಿದದ್ದನ್ನೆಲ್ಲ ಹೊರಗಿನ ಜೀವಕೋಶ ಮಾಡಿ ಒಳಗೆ ಕಳಿಸಬೇಕು. ಹಾಗೆ ಸ್ವಂತವಾಗಿ ಮಾಡಿಕೊಳ್ಳುವ ಕೆಲವೂ ಹೆಚ್ಚಾಗಿ ಒಳಪೊರೆಯಲ್ಲಿ, ಅಂದರೆ ಒಳಗೋಡೆಯಲ್ಲಿ, ಹೂತು ಕೂರುವಂಥವು. ಆಮ್ಲಜನಕವನ್ನು ಬಳಸಿಕೊಳ್ಳುವ ಕೊನೆಯ ಯಂತ್ರವೊಂದಿದೆ. ಅದರಲ್ಲಿ ಏಳು ತುಂಡುಗಳು, ಮೂರು ಒಳಗಿನವು, ನಾಲ್ಕು ಹೊರಗಿನವು ಎಂದು ಆ ಹೊತ್ತಿಗೆ ಗೊತ್ತಾಗಿತ್ತು. ಒಳಗಿನ ಆ ಮೂರು ಗೋಡೆಯಲ್ಲಿ ಹೇಗೆ ಹೋಗಿ ಕೂರುತ್ತವೆ, ಯಾರು ಕೂರಿಸುತ್ತಾರೆ ಎನ್ನುವುದು ಗೊತ್ತಿರಲಿಲ್ಲ. ನನ್ನ ಹುಚ್ಚು ಅಷ್ಟೇ.

ಇದಕ್ಕೆ ಈಸ್ಟೇ ಏಕೆಂದರೆ, ಅದಕ್ಕೆ ಸಕ್ಕರೆ ಹಾಕಿದರೆ ಮೈಟೊಕಾಂಡ್ರಿಯಾ ಕೆಟ್ಟಿದ್ದರೂ ಬದುಕುತ್ತದೆ. ಬೇರೆ ಜೀವಿಗಳು ಸತ್ತೇ ಹೋಗುತ್ತವೆ. ಈಸ್ಟು ಸಾಯುವುದಿಲ್ಲ, ಸಣ್ಣಗಾಗಿ, ನಿಧಾನವಾಗಿ ಹೇಗೋ ದಿನ ದೂಡುತ್ತದೆ. ಆಗ ಕೊಳವೆಯಲ್ಲಿ ನೋಡಿದರೆ ಕೆಂಪಿನ ಬದಿಯ ಎರಡು ಗೆರೆಗಳು ಇರುವುದಿಲ್ಲ, ಏಕೆಂದರೆ ಅವು ಒಳಗಿನ ತುಂಡುಗಳಿಲ್ಲದೆ ಆಗದಂಥವು. ಹೊರಗಿನಿಂದ ಬರುವ ಪ್ರೋಟೀನಿನ ಎರಡು ಗೆರೆಗಳು ಮಾತ್ರ ಮೊದಲಿನಂತೆ ಉಳಿದಿರುತ್ತವೆ.

ನಾನಿದ್ದದ್ದು ಅಣ್ಣನ ಮನೆಯ ಮಹಡಿಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಟವೆಲು, ಚಾದರಿನ ಅಂಗಡಿ ಅಣ್ಣನ ಕೈಗೆ ಬಂದಿತ್ತು. ಅಣ್ಣ ಕೆಟ್ಟವನಲ್ಲ. ಊಟಕ್ಕೆ ಕೂತಾಗ ನನ್ನ ಈಸ್ಟನ್ನು ಕುರಿತು "ಹುಳಿ ಹಿಟ್ಟು ಹ್ಯಾಂಗ ಅದ?" ಎಂದು ದಿನಾ ಕೇಳುತ್ತಿದ್ದ. ಚೆನ್ನಾಗಿದೆ ಎಂದರೆ ಮಾತು ಮುಗಿಯಿತು, ಇಲ್ಲ ಎಂದರೂ ಮುಗಿಯಿತು. ಕಾಲೇಜಿನಲ್ಲಿ ಮರಾಠಿ, ಪುಣೆಯ ಪತ್ರಗಳಲ್ಲಿ ಇಂಗ್ಲಿಷು, ಮನೆಯಲ್ಲಿ ಕನ್ನಡ. ಮೂರು ಭಾಷೆ ಬರುತ್ತಿದ್ದ ನಾನು ಮೂರರಲ್ಲೂ ಮುಖ್ಯವಾದ ಮಾತನ್ನು ಬಾಯಿಬಿಟ್ಟು ಆಡದೆ ಇದ್ದೆ. ನನಗೆ ಪದವಿಯ ಆಸೆ ಅಷ್ಟಿರಲಿಲ್ಲ. ಒಮ್ಮೆ, ಒಂದೇ ಒಂದು ಸಲ, ಈ ವಿಷಯ ತಿಳಿದವರ ನಡುವೆ ಕೂತು ಮಾತಾಡಬೇಕು, ನಾನು ಅರ್ಧ ಹೇಳುವಷ್ಟರಲ್ಲಿ ಯಾರಾದರೂ ಮಧ್ಯೆ ಬಾಯಿ ಹಾಕಿ ಜಗಳ ತೆಗೆಯಬೇಕು ಎಂದು ಬಹಳ ಆಸೆಯಿತ್ತು.

ಅಪ್ಪ ನನಗೆ ಕಲಿಸಿದ್ದು ಒಂದೇ ವಿದ್ಯೆ, ದಾರದ ಗುರುತು. ನಮ್ಮ ಅಂಗಡಿಯಲ್ಲಿ ಗಂಟುಗಳ ಮೇಲೆ ಏನನ್ನೂ ಬರೆಯುತ್ತಿರಲಿಲ್ಲ. ಬರೆದರೆ ಗಿರಾಕಿಯೂ ಓದುತ್ತಾನಲ್ಲ. ಮೂಲೆಗೊಂದು ಬಣ್ಣದ ದಾರ ಕಟ್ಟುತ್ತಿದ್ದರು. ಬಿಳಿ ಇದ್ದರೆ ಮಾಮೂಲಿ ಮಾಲು, ಕಣ್ಣು ಮುಚ್ಚಿ ಕೊಡಬಹುದು. ಕೆಂಪಿದ್ದರೆ ನೇಯ್ಗೆಯಲ್ಲಿ ಎಲ್ಲೋ ಎಳೆ ತಪ್ಪಿದೆ. ನೇರಳೆ ಇದ್ದರೆ, "ನನ್ನ ಕೇಳಲಾರದ ಯಾರಿಗೂ ಕೊಡಬ್ಯಾಡ." ಅದು ಅಪ್ಪನ ಮೆಚ್ಚಿನ ಮಾಲು. ಶಾಲೆಗೆ ರಜೆಯಿದ್ದಾಗ ಅಂಗಡಿಯ ಗಾದಿಯ ಮೇಲೆ ಕೂತು ನಾನೇ ದಾರ ಕಟ್ಟುತ್ತಿದ್ದೆ. ಒಂದು ದಿನವೂ ತಪ್ಪು ಕಟ್ಟಿದ್ದಿಲ್ಲ ಎಂದು ಅಪ್ಪ ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಹೀಗಾಗಿ ಕಾಲೇಜಿನಲ್ಲೂ ಅದೇ ಮಾಡಿದೆ. ಈಸ್ಟು ಬೆಳೆಸುವ ಸೀಸೆಯ ಬಾಯಿಗೆ ಹತ್ತಿಯ ಬಿರಡೆ ಹಾಕಬೇಕು, ಗಾಳಿ ಆಡಬೇಕು, ಧೂಳು ಹೋಗಬಾರದು. ಪುಣೆಯವರು ಕೊಟ್ಟ ಹತ್ತಿಯ ಸುರುಳಿ ಆರು ತಿಂಗಳಲ್ಲಿ ಮುಗಿಯುತ್ತ ಬಂದು, ಒಂದು ತುಣುಕು ಮಾತ್ರ ಉಳಿಯಿತು. ಮಗ್ಗದ ಊರಲ್ಲಿ ಕೂತು ಹತ್ತಿಗಾಗಿ ಪುಣೆಗೆ ಬರೆಯಲು ನನಗೆ ನಾಚಿಕೆ. ಸೊಲ್ಲಾಪುರದಲ್ಲಿ ಎಣ್ಣೆ ಸೀಸೆಗೂ ಕಂದೀಲಿಗೂ ದಿಂಬಿಗೂ ಎಲ್ಲರೂ ಮಗ್ಗದಲ್ಲಿ ಉಳಿದ ನೂಲಿನ ಉಂಡೆಯನ್ನೇ ತುರುಕುವುದು. ನಾನೂ ಅಂಗಡಿಯಿಂದ ಒಂದು ಚೀಲ ತಂದೆ. ಮೂಲ ಈಸ್ಟಿಗೆ, ಅಂದರೆ ಏನೂ ಕೆಡದ ಮಾಮೂಲಿ ಈಸ್ಟಿಗೆ, ಬಿಳಿ ನೂಲಿನ ಬಿರಡೆ. ಬರೆಯುವ ಗೋಜಿಲ್ಲ, ದೂರದಿಂದಲೇ ಗೊತ್ತಾಗುತ್ತಿತ್ತು. ನನ್ನ ಜಾಣತನಕ್ಕೆ ನಾನೇ ಬೀಗಿದ್ದೆ.

ಎರಡನೆಯ ವರ್ಷದ ಮಳೆಗಾಲದಲ್ಲಿ ಒಂದು ಗಾಜಿನ ತಟ್ಟೆಯ ಮೇಲೆ ಬೆಳೆದ ಈಸ್ಟಿನ ಬೊಟ್ಟುಗಳಲ್ಲಿ ಒಂದು ಉಳಿದವಕ್ಕಿಂತ ಚಿಕ್ಕದಾಗಿ ಕಂಡಿತು. ಅದರ ಒಂದು ಚೂರನ್ನು ಗಾಜಿನ ಕೊಳವೆಗೆ ಹಾಕಿ, ಪುಣೆಯ ಹತ್ತಿಯ ಕೊನೆಯ ತುಣುಕನ್ನು ತುರುಕಿ, ಮೇಣ ಸುರಿದು ಮುಚ್ಚಿ ಕಾದಿಟ್ಟೆ. ಇನ್ನೊಂದು ಚೂರನ್ನು ಸಕ್ಕರೆ ನೀರಿನ ಸೀಸೆಯಲ್ಲಿ ಬೆಳೆಸಿದೆ. ವಿಶೇಷದ್ದೆಂದು ಆ ಸೀಸೆಗೆ ನೇರಳೆ ನೂಲಿನ ಬಿರಡೆ ಹಾಕಿದೆ. ನಾಲ್ಕು ದಿನ ಬಿಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಕೆಂಪಿನ ಬದಿಯ ಎರಡು ಗೆರೆ ಇರಲಿಲ್ಲ. ಮತ್ತೆ ಬೆಳೆಸಿದೆ, ಇಲ್ಲ. ಮತ್ತೆ, ಇಲ್ಲ. ಪಕ್ಕದ ಬಿಳಿ ಬಿರಡೆಯ ಸೀಸೆಯಲ್ಲಿ ನಾಲ್ಕಕ್ಕೆ ನಾಲ್ಕೂ ಇದ್ದವು.

ಒಳಗಿನ ಕಾರ್ಖಾನೆಯೇ ಮುಚ್ಚಿಹೋದ ಈಸ್ಟು ಹೊಸದೇನಲ್ಲ, ಅದು ಎಲ್ಲ ಪುಸ್ತಕದಲ್ಲೂ ಇದೆ. ನನ್ನದೂ ಅದೇ ಬಗೆಯದೋ ಎಂದು ತಿಳಿಯಲು ಒಂದು ಮಾದರಿಯನ್ನು ಪುಣೆಗೆ ಕಳಿಸಿದೆ. ಅವರು ವಿಕಿರಣ ಸೂಸುವ ಅಮೈನೋ ಆಮ್ಲ ಉಣಿಸಿ ನೋಡಿ ಬರೆದರು: ಕಾರ್ಖಾನೆ ನಡೆಯುತ್ತಿದೆ, ಒಳಗಿನ ಪ್ರೋಟೀನುಗಳು ತಯಾರಾಗುತ್ತಿವೆ. ತಯಾರಾಗುತ್ತಿವೆ, ಆದರೆ ಗೆರೆ ಇಲ್ಲ! ಅಂದರೆ ಗೋಡೆಯಲ್ಲಿ ಕೂರುತ್ತಿಲ್ಲ. ಕೂರಿಸುವವರು ಯಾರೋ ಇದ್ದಾರೆ, ನನ್ನ ಈಸ್ಟಿನಲ್ಲಿ ಅವರೇ ಇಲ್ಲ. ಪತ್ರದ ಕೊನೆಗೆ, ಮಾಘದ ಹೊತ್ತಿಗೆ ಪುಣೆಗೆ ಬಂದು ಮೂರು ದಿನ ಇರಿ, ಬೇರೆ ಊರುಗಳಿಂದಲೂ ಜನ ಬರುತ್ತಾರೆ, ನಿಮ್ಮ ಈಸ್ಟಿನ ಬಗ್ಗೆ ನೀವೇ ಮಾತಾಡಬೇಕು ಎಂದಿತ್ತು. ಪತ್ರವನ್ನು ಎಷ್ಟು ಸಲ ಓದಿದೆನೆಂದರೆ ಮಡಿಕೆಯ ಗೆರೆಯಲ್ಲಿ ಕಾಗದ ಹರಿಯಿತು. ಸಂತೋಷಕ್ಕೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೆಳಗಿಳಿದು ಅಣ್ಣನ ಹೆಂಡತಿಗೆ, ನಮ್ಮ ವೈನಿಗೆ, ಪುಣೆಗೆ ಹೋಗುತ್ತೇನೆ ಎಂದೆ. "ಬರೂ ಮುಂದ ಒಂದು ಚೊಲೋ ಚಾಳಣಿ ತರ್ರಿ, ಇಲ್ಲಿವು ಬಾಳಕಿ ಬರಂಗಿಲ್ಲ," ಎಂದರು. ಚಾಳಣಿ ಎಂದರೆ ಜರಡಿ. ತರುತ್ತೇನೆ ಎಂದೆ.

ಹೇಳಿಕೊಳ್ಳಲು ಉಳಿದವರು ಅಕ್ಕಲಕೋಟೆಯ ಅತ್ತೆ, ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು, ಗುಡಿಯ ಹಿಂದಿನ ಒಂದು ವಾಡೆಯಲ್ಲಿ, ಹಳೆಯ ದೊಡ್ಡ ಮನೆಯಲ್ಲಿ, ಎರಡು ಕೋಣೆ ಹಿಡಿದು ಕೌದಿ ಹೊಲಿಯುತ್ತಿದ್ದರು. ಹನ್ನೂರಿನಂಥ ಸುತ್ತಲ ಹಳ್ಳಿಗಳ ಹೆಂಗಸರು ಹಳೆ ಸೀರೆಗಳ ಗಂಟು ತಂದು ಅವರ ಮುಂದೆ ಸುರಿದು ಹೋಗುತ್ತಿದ್ದರು. ನಾನು ಹದಿನೈದು ದಿನಕ್ಕೊಮ್ಮೆ ಭಾನುವಾರ ಬಸ್ಸು ಹಿಡಿದು, ಅಂಗಡಿಯಲ್ಲಿ ಉಳಿದ ಬಟ್ಟೆ ಚೂರುಗಳ ಚೀಲ ಹೊತ್ತು ಹೋಗುತ್ತಿದ್ದೆ. ಹೋಗಲು ಇನ್ನೊಂದು ಕಾರಣವೂ ಇತ್ತು. ಆ ವಾಡೆಯ ಬಾವಿ ಆಳ, ಬೇಸಿಗೆಯಲ್ಲೂ ತಣ್ಣಗೆ. ಕಾಲೇಜಿನ ಫ್ರಿಜ್ಜನ್ನು ನಂಬಲಾರದೆ, ಕಾದಿಟ್ಟ ಈಸ್ಟಿನ ಕೊಳವೆಗಳನ್ನು ಬಿಸ್ಕೀಟಿನ ಡಬ್ಬಿಯಲ್ಲಿ ಹಾಕಿ ಆ ಬಾವಿಯಲ್ಲಿ ನೀರಿನ ಮೇಲೆ ಇಳಿಬಿಟ್ಟಿದ್ದೆ. ನೀರಿಗೆ ಬಂದವರು ಅದು ಏನೆಂದು ಕೇಳಿದರೆ ಅತ್ತೆ, "ನಮ್ಮ ಹುಡುಗಿ ಮಾವನ ಮನಿ ಮಂದಿ," ಎಂದು ನಗುತ್ತಿದ್ದರು. ಮದುವೆಯಾಗದ ನನ್ನ ಮೇಲಿನ ಆ ಚೇಷ್ಟೆಗೆ ನನಗೆ ಸಿಟ್ಟು ಬರುತ್ತಿತ್ತು, ಆಮೇಲೆ ನಗುವೂ ಬರುತ್ತಿತ್ತು.

ಪುಣೆಯ ಪತ್ರ ಹಿಡಿದು ಹೋದ ಆ ಭಾನುವಾರ ಅತ್ತೆ ಜಗಲಿಯ ಮೇಲೆ ಕಾಲು ಚಾಚಿ ಕೂತು ಹೊಲಿಯುತ್ತಿದ್ದರು. ನಾನು ಉಸಿರು ಬಿಡದೆ ಹೇಳತೊಡಗಿದೆ.

"ಅದರೊಳಗ ಒಂದು ಗ್ವಾಡಿ ಅದ ಅತ್ತಿ. ಗ್ವಾಡ್ಯಾಗ ಕುಂದ್ರೂ ಸಾಮಾನು ಸ್ವಲ್ಪ ಅದು ತಾನ ಮಾಡ್ಕೋತದ, ಉಳದದ್ದು ಹೊರಗಿಂದ ಬರ್ತದ. ನನ್ನ ಈಸ್ಟ್ ಸಾಮಾನು ಮಾಡ್ತದ, ಆದ್ರ ಗ್ವಾಡ್ಯಾಗ ಕುಂದ್ರಸಾಕ ಬರಂಗಿಲ್ಲ."

"ಅಂದ್ರ ನಿನ್ನಂಗ ಅನ್ನು," ಎಂದರು ಅತ್ತೆ, ಸೂಜಿಯಿಂದ ಕಣ್ಣು ಎತ್ತದೆ. "ಎಲ್ಲಾ ಮಾಡ್ತಿ, ಎಲ್ಲೂ ಕುಂದರಂಗಿಲ್ಲ."

ನನಗೆ ಚುರುಕ್ಕೆಂದಿತು. ಆದರೆ ಅರ್ಥ ಮಾಡಿಕೊಂಡಿದ್ದರಲ್ಲ! ಎರಡು ವರ್ಷದಲ್ಲಿ ಅರ್ಥ ಮಾಡಿಕೊಂಡ ಮೊದಲನೆಯವರು. ಖುಷಿಯಿಂದ ಚೀಲ ಬಿಚ್ಚಿ ಚೂರುಗಳನ್ನು ಅವರ ಮುಂದೆ ಸುರಿದೆ. ಅತ್ತೆ ಬಣ್ಣ ಬಣ್ಣದವನ್ನು ಕೈಯಿಂದ ಹರವುತ್ತಾ ಹೋದರು. ನಡುವೆ ಸಿಕ್ಕ ನೇರಳೆ ನೂಲಿನ ಉಂಡೆಯನ್ನು ಎರಡು ಬೆರಳಲ್ಲಿ ಎತ್ತಿ ಅಂಗಳಕ್ಕೆ ಒಗೆದರು.

"ಈ ಜಾಂಭಳಿ ತರಬ್ಯಾಡ ಅಂತ ಎಷ್ಟು ಸಲ ಹೇಳಬೇಕ?" ನೇರಳೆಯನ್ನು ಅವರು ಮರಾಠಿಯಲ್ಲಿಯೇ ಕರೆಯುವುದು.

"ಯಾಕ ಅತ್ತಿ?"

ಅವರು ಎದ್ದು ಹೋಗಿ ಒಳಗಿನಿಂದ ಒಂದು ಹಳೆಯ ಕೌದಿ ತಂದು ಬಿಚ್ಚಿದರು. ಒಂದು ಮೂಲೆಯಲ್ಲಿ ನೇರಳೆ ತುಂಡು. ಅದರ ಸುತ್ತಲಿನ ಬಿಳಿ, ಹಳದಿ, ಎಲ್ಲ ತುಂಡುಗಳ ಮೇಲೂ ನೇರಳೆ ಕಲೆ ಹಬ್ಬಿತ್ತು.

"ಈ ಬಣ್ಣ ಗುರ್ತಿಗಿ ಅಷ್ಟ, ನೀರಿಗಿ ಅಲ್ಲ. ತಣ್ಣೀರಾಗ ಸುಮ್ಮನಿರ್ತದ. ಬಿಸಿ ತಾಗಿತು ಅಂದ್ರ ಬಾಜೂದವ್ರ ಗತಿ ಮುಗೀತು. ನಿಮ್ಮಪ್ಪಗ ಗೊತ್ತಿತ್ತಲ್ಲ, ನಿನಗ ಹೇಳಿಲ್ಲೇನು?"

ಹೇಳಿರಲಿಲ್ಲ. ನೇರಳೆಯ ಅರ್ಥ ಹೇಳಿದ್ದರು, ಬಣ್ಣದ ಗುಣ ಹೇಳಿರಲಿಲ್ಲ. ಅಂಗಡಿಯಲ್ಲಿ ದಾರಕ್ಕೆ ನೀರು ತಾಗುವ ಪ್ರಸಂಗವೇ ಇರಲಿಲ್ಲವಲ್ಲ. ನಾನು ಮಾತ್ರ ಆ ನೂಲನ್ನು ಸೀಸೆಯ ಬಾಯಿಗೆ ತುರುಕಿ, ಕುಕ್ಕರಿನಲ್ಲಿಟ್ಟು, ಅರ್ಧ ಗಂಟೆ ಹಬೆಯಲ್ಲಿ ಬೇಯಿಸುತ್ತಿದ್ದೆ. ಎಲ್ಲ ಸೀಸೆಗಳೂ ಬೇಯುತ್ತಿದ್ದವು, ಬಣ್ಣ ಇಳಿಯುವುದು ನೇರಳೆಯದರೊಳಗೆ ಮಾತ್ರ. ಬಟ್ಟೆಗೆ ಹಾಕುವ ಕೆಲವು ಬಣ್ಣಗಳು ಒಂದು ಹನಿ ಸಾಕು, ಈಸ್ಟಿನ ಮೈಟೊಕಾಂಡ್ರಿಯಾದ ಡಿಎನ್ಎಯನ್ನು ಕೆಡಿಸಿಬಿಡುತ್ತವೆ. ಹಾಗೆ ಉಸಿರುಗೆಟ್ಟ ಈಸ್ಟನ್ನು ಹುಟ್ಟಿಸುವ ಹಳೆಯ ವಿಧಾನಗಳಲ್ಲಿ ಬಣ್ಣ ಬೆರೆಸುವುದೂ ಒಂದು. ಇದನ್ನು ಪ್ರತಿ ವರ್ಷ ತರಗತಿಯಲ್ಲಿ ಪಾಠ ಮಾಡುತ್ತಿದ್ದವಳು ನಾನೇ.

ಅತ್ತೆಯನ್ನು ಬಾವಿಯ ಬಳಿಗೆ ಕರೆದೆ. ಡಬ್ಬಿ ಮೇಲೆಳೆದುಕೊಟ್ಟರೆ ಸಾಕು ಎಂದೆ. ಮಳೆಗಾಲದಲ್ಲಿ ಮೇಣ ಸುರಿದು ಮುಚ್ಚಿದ ಆ ಒಂದು ಕೊಳವೆ ಅದರಲ್ಲಿತ್ತು. ಚಿಕ್ಕ ಬೊಟ್ಟಿನ ಅದೇ ಈಸ್ಟು, ನೇರಳೆ ನೂಲನ್ನು ಕಾಣದ್ದು. ಅದು ಈಗಲೂ ಎರಡು ಗೆರೆ ತೋರಿಸದಿದ್ದರೆ ನನ್ನ ಈಸ್ಟು ನಿಜ, ಪುಣೆ ನಿಜ. ತೋರಿಸಿದರೆ ಇಲ್ಲ. ಕೊಳವೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಸಂಜೆಯ ಬಸ್ಸಿಗೆ ಬಂದೆ. ದಾರಿಯುದ್ದಕ್ಕೂ ನನ್ನ ಜೊತೆ ನಾನೇ ವಾದ ಮಾಡಿದೆ. ಬಿರಡೆಯಿಂದ ಹನಿ ಇಳಿದಿದ್ದರೆ ಕಾಣುತ್ತಿರಲಿಲ್ಲವೇ? ಕಂಡಿತ್ತು. ಸೀಸೆಯ ಕತ್ತಿನ ಒಳಗೆ ತಿಳಿ ನೇರಳೆಯ ಉಂಗುರವನ್ನು ಎರಡು ಸಲ ನೋಡಿದ್ದೆ. ನೋಡಿ, ಸೆರಗಿನ ತುದಿಯಿಂದ ಒರೆಸಿ, ಮರೆತಿದ್ದೆ. ಬೇಡವಾದದ್ದನ್ನು ಕಣ್ಣು ಎಷ್ಟು ಚೆನ್ನಾಗಿ ದಾಟಿಸುತ್ತದೆ ಎಂದು ಆ ಬಸ್ಸಿನಲ್ಲಿ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮರುದಿನ ಎರಡು ಸೀಸೆ ಹೂಡಿದೆ. ಬಾವಿಯ ಕೊಳವೆಯ ಈಸ್ಟಿಗೆ ಬಿಳಿ ಬಿರಡೆ. ಏನೂ ಪಾಪ ಅರಿಯದ ಮೂಲ ಈಸ್ಟಿಗೆ ನೇರಳೆ ಬಿರಡೆ. ನಾಲ್ಕು ದಿನ ಕಾಯಬೇಕು. ಆ ನಾಲ್ಕು ದಿನ ನಾನು ಮಾಡಿದ ಪಾಠಗಳು ಒಂದೂ ನೆನಪಿಲ್ಲ. ಗಿರಣಿಯ ಭೋಂಗಾ ಕೂಗಿದಾಗಲೆಲ್ಲ ಇಷ್ಟು ಹೊತ್ತು ಕಳೆಯಿತು ಎಂದುಕೊಳ್ಳುತ್ತಿದ್ದೆ. ದೇವರಿಗೆ ಹರಕೆ ಹೊರುವವಳಲ್ಲ, ಆದರೆ ದಾರಿಯಲ್ಲಿ ಸಿಕ್ಕ ಗುಡಿಗಳ ಮುಂದೆ ಕಾಲು ಸ್ವಲ್ಪ ನಿಧಾನವಾಗುತ್ತಿತ್ತು.

ಐದನೆಯ ದಿನ ಮಧ್ಯಾಹ್ನ, ಕಿಟಕಿಯ ಬಿಸಿಲು ನೆಟ್ಟಗಿದ್ದಾಗ, ಮೊದಲು ಮೂಲ ಈಸ್ಟನ್ನು ನೋಡಿದೆ. ಕೆಂಪಿನ ಬದಿಯ ಎರಡು ಗೆರೆ ಮಾಯವಾಗಿದ್ದವು. ಆಗಲೇ ಮುಗಿದಿತ್ತು, ಆದರೂ ಬಾವಿಯದನ್ನು ನೋಡಿದೆ. ನಾಲ್ಕು ಗೆರೆ, ಅಚ್ಚುಕಟ್ಟಾಗಿ, ಕಪ್ಪಗೆ. ಆರೋಗ್ಯವಂತ, ಮಾಮೂಲಿ ಈಸ್ಟು. ಮಳೆಗಾಲದ ಆ ಬೊಟ್ಟು ಚಿಕ್ಕದಾಗಿದ್ದದ್ದು ಪಕ್ಕದವುಗಳ ನೂಕುನುಗ್ಗಲಿನಲ್ಲಿ ಜಾಗ ಸಾಲದೆ ಇರಬೇಕು, ಅಷ್ಟೇ. ಹಾಗಾದರೆ ಪುಣೆಯವರಿಗೆ ಒಳಗಿನ ಪ್ರೋಟೀನು ಕಂಡದ್ದು ಹೇಗೆ? ನೇರಳೆ ಸೀಸೆಯ ಈಸ್ಟನ್ನು ತಟ್ಟೆಯ ಮೇಲೆ ತೆಳ್ಳಗೆ ಹರಡಿ ಬೆಳೆಸಿದಾಗ ಅದೂ ತಿಳಿಯಿತು. ಬೊಟ್ಟುಗಳಲ್ಲಿ ಬಹಳಷ್ಟು ಕೆಟ್ಟ ಸಣ್ಣವು, ನಡುನಡುವೆ ಕೆಲವು ನೆಟ್ಟಗಿದ್ದ ದೊಡ್ಡವು. ನೆಟ್ಟಗಿದ್ದ ಆ ಕೆಲವು ಮಾಡಿದ ಪ್ರೋಟೀನನ್ನು ಅವರ ಯಂತ್ರ ಹಿಡಿದಿತ್ತು, ನನ್ನ ಹಿತ್ತಾಳೆಯ ಕೊಳವೆಗೆ ಅವುಗಳ ಮಸುಕು ಗೆರೆ ಕಂಡಿರಲಿಲ್ಲ. ಕೂರಿಸಲಾರದ ಈಸ್ಟು ಎಂಬುದು ಇರಲೇ ಇಲ್ಲ.

ಸುಮ್ಮನಿರಬಹುದಿತ್ತು. ಇದನ್ನು ಬರೆಯದೆ ಹೋದರೆ ನಾನು ಸುಳ್ಳುಗಾರ್ತಿಯಾಗುತ್ತೇನೆ. ಬಿರಡೆಯ ಕಥೆ ನನಗೊಬ್ಬಳಿಗೇ ಗೊತ್ತಿತ್ತು. ಪುಣೆಗೆ ಹೋಗಿ ಮೂರು ದಿನ ಮಾತಾಡಿ, ಬಾಯಿ ತುಂಬ ಜಗಳವಾಡಿ ಬಂದು, ಆಮೇಲೆ ಒಂದು ತಿಂಗಳು ಬಿಟ್ಟು "ಈಗ ಗೊತ್ತಾಯಿತು" ಎಂದು ಬರೆಯಬಹುದಿತ್ತು. ಎರಡು ದಿನ ಹಾಗೆ ಮಾಡುವವಳೇ ಇದ್ದೆ. ಪುಣೆಗೆಂದು ತೆಗೆದಿಟ್ಟ ಸೀರೆಗೆ ಇಸ್ತ್ರಿ ಕೂಡ ಮಾಡಿಸಿದೆ. ಆದರೆ ಮಾತಾಡುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡುವಾಗ, ಗೋಡೆಯಲ್ಲಿ ಕೂರುತ್ತಿಲ್ಲ ಎಂಬ ಜಾಗಕ್ಕೆ ಬಂದ ಕೂಡಲೇ ಕನ್ನಡಿಯಿಂದ ಕಣ್ಣು ತೆಗೆದು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ. ಜಗಳವಾಡಲು ನನಗೆ ಜನ ಬೇಕಿತ್ತು ನಿಜ, ಆದರೆ ಇಲ್ಲದ ವಸ್ತುವಿನ ಮೇಲೆ ಅವರ ಜೊತೆ ಏನೆಂದು ಜಗಳವಾಡಲಿ? ಮೂರನೆಯ ದಿನ ಎಲ್ಲವನ್ನೂ, ನೂಲಿನ ಚೀಲದಿಂದ ಹಿಡಿದು, ಪುಣೆಗೆ ಬರೆದು ಸ್ಟೇಶನ್ನಿನ ಅಂಚೆ ಡಬ್ಬಿಗೇ ಹೋಗಿ ಹಾಕಿದೆ.

ಊಟಕ್ಕೆ ಕೂತಾಗ ಅಣ್ಣ ಎಂದಿನಂತೆ ಕೇಳಿದ. "ಕೆಡ್ತು," ಎಂದೆ. "ನಮ್ಮ ಗುರ್ತಿನ ನೂಲು ಬಣ್ಣ ಬಿಟ್ಟು ಕೆಡಸ್ತು." ಅಣ್ಣ ತುತ್ತು ಹಿಡಿದ ಕೈ ಹಾಗೇ ನಿಲ್ಲಿಸಿ ಜೋರಾಗಿ ನಕ್ಕ. "ಸೊಲ್ಲಾಪುರದ ಟಾವೆಲ್ ವ್ಯಾಪಾರಿ ಮಗಳು ಕಚ್ಚಾ ಬಣ್ಣಕ್ಕ ಮೋಸ ಹೋದ್ಲು! ಇದನ್ನ ಅಂಗಡ್ಯಾಗ ಯಾರಿಗೂ ಹೇಳಬ್ಯಾಡವ್ವ, ಮರ್ಯಾದಿ ಹೋಗ್ತದ." ನನಗೆ ಎದ್ದು ಹೋಗುವಷ್ಟು ಸಿಟ್ಟು ಬಂತು. ನನ್ನ ಎರಡು ವರ್ಷದ ಕೆಲಸದಲ್ಲಿ ಅವನಿಗೆ ತಿಳಿದ ಒಂದೇ ಒಂದು ಸಂಗತಿ ಅದಾಗಿತ್ತು. ನಕ್ಕ ಮೇಲೆ ಅವನು ನನ್ನ ಮುಖ ನೋಡಿ, ತನ್ನ ತಟ್ಟೆಯ ಶೇಂಗಾ ಚಟ್ನಿಯನ್ನು ನನ್ನ ತಟ್ಟೆಗೆ ಸರಿಸಿದ.

ಪುಣೆಯಿಂದ ಉತ್ತರ ಹತ್ತು ದಿನಕ್ಕೆ ಬಂತು. ಅವರು ಒಳ್ಳೆಯವರೇ, ಬೈಯಲಿಲ್ಲ. ನೀವೇ ಹಿಡಿದದ್ದು ಒಳ್ಳೆಯದಾಯಿತು, ಬೇರೆಯವರು ಹಿಡಿದಿದ್ದರೆ ಇಬ್ಬರಿಗೂ ಮುಖಭಂಗ ಎಂದು ಬರೆದಿದ್ದರು. ನಿಮ್ಮ ಹೊತ್ತನ್ನು ಇನ್ನೊಬ್ಬರಿಗೆ ಕೊಟ್ಟಿದ್ದೇವೆ, ಹಾಗಾಗಿ ಅಷ್ಟು ದೂರ ಬರುವ ಅಗತ್ಯವಿಲ್ಲ. ಬಿಡುವಾದಾಗ ಸ್ಪೆಕ್ಟ್ರೋಸ್ಕೋಪನ್ನು ರಿಜಿಸ್ಟರ್ ಮಾಡಿ ಕಳಿಸಿ, ಹೊಸ ವಿದ್ಯಾರ್ಥಿಯೊಬ್ಬನಿಗೆ ಬೇಕಾಗಿದೆ. ನಾನು ಅದೇ ದಿನ ಅದನ್ನು ಟವೆಲಿನಲ್ಲಿ ಸುತ್ತಿ ಕಳಿಸಿದೆ. ಟವೆಲಿನ ಮೂಲೆಯ ದಾರ ಬಿಳಿಯದು.

ಆ ಮೂರು ದಿನಗಳ ರಜೆ ಮಾತ್ರ ಮಂಜೂರಾಗಿ ಕೂತಿತ್ತು. ರದ್ದು ಮಾಡಿಸಿದರೆ ಕಾರಣ ಹೇಳಬೇಕು. ಹೇಳಲು ಮನಸ್ಸಿರಲಿಲ್ಲ. ಹಾಗಾಗಿ ಇಸ್ತ್ರಿಯ ಸೀರೆ ಉಟ್ಟು, ಪುಣೆಗೆ ಹೊರಟವಳಂತೆಯೇ ಮನೆ ಬಿಟ್ಟು, ಅಕ್ಕಲಕೋಟೆಯ ಬಸ್ಸು ಹತ್ತಿದೆ. ಅತ್ತೆ ಬಾಗಿಲಲ್ಲಿ ನನ್ನನ್ನು ನೋಡಿ, "ಪುಣೆ ಇಷ್ಟ ಹತ್ರ ಬಂತೇನ?" ಎಂದರು. ನಾನು ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ, ನೀರು ಕೊಟ್ಟು ಸೂಜಿಗೆ ದಾರ ಪೋಣಿಸಿಕೊಂಡು ಕೂತರು. "ಅಲ್ಲಿ ಹೇಳೂದಿತ್ತಲ್ಲ, ಇಲ್ಲಿ ಹೇಳು. ನನಗೇನ್ ಕೆಲಸ ಅದ? ಕೈ ಹೊಲೀತದ, ಕಿವಿ ಖಾಲಿ ಅದಾವ."

ಹೇಳಿದೆ. ಜಗಲಿಯ ಮೇಲೆ, ಕಂಬಕ್ಕೆ ಒರಗಿ, ಪೂರ್ತಿ ಕನ್ನಡದಲ್ಲಿ. ಎಲ್ಲಿ ತಪ್ಪಿದೆ ಎನ್ನುವುದರಿಂದಲೇ ಶುರು ಮಾಡಿದೆ. ಒಳಗಿನ ಮೂರು ತುಂಡು, ಹೊರಗಿನ ನಾಲ್ಕು ತುಂಡು, ನಡುವಿನ ಗೋಡೆ, ಇವನ್ನು ತೋರಿಸಲು ಅವರ ಬಟ್ಟೆ ಚೂರುಗಳನ್ನೇ ನೆಲದ ಮೇಲೆ ಜೋಡಿಸಿದೆ. ಅತ್ತೆ ನಡುನಡುವೆ "ಹೂಂ" ಎನ್ನುತ್ತಿದ್ದರು. ಒಂದು ಗಂಟೆಯಾಗಿರಬೇಕು. ಮುಗಿಸಿದಾಗ ಅವರು ಹೊಲಿಗೆ ನಿಲ್ಲಿಸಿ ನೆಲದ ಮೇಲಿನ ಚೂರುಗಳನ್ನು ಒಂದೊಂದಾಗಿ ಬೆರಳಿಂದ ಮುಟ್ಟಿ ಎಣಿಸಿದರು.

"ಕೌದಿ ಹೊಲ್ಯಾಕ ಕುಂತ್ರ ನಾ ಮೊದಲ ನಡುವಿನ ತುಂಡು ಇಡ್ತೀನಿ. ಇಲ್ಲಿ ಏಳು ತುಂಡು ಅದಾವ ಅಂದಿ. ಯಾವುದು ಮೊದಲ ಕುಂದರ್ತದ? ಒಳಗ ಹುಟ್ಟಿದ್ದೋ, ಹೊರಗಿಂದ ಬಂದದ್ದೋ?"

ಪುಣೆಯಲ್ಲಿ ಯಾರಾದರೂ ಕೇಳಲಿ ಎಂದು ನಾನು ಕಾದಿದ್ದ ಪ್ರಶ್ನೆ ಅದು. "ಗೊತ್ತಿಲ್ಲ ಅತ್ತಿ. ಯಾರಿಗೂ ಗೊತ್ತಿಲ್ಲ," ಎಂದೆ. ಗೊತ್ತಿಲ್ಲ ಎಂದು ಇನ್ನೊಬ್ಬರಿಗೆ ಹೇಳುವುದರಲ್ಲಿ ಅಷ್ಟು ಸುಖವಿದೆ ಎಂದು ಆವತ್ತಿನವರೆಗೂ ತಿಳಿದಿರಲಿಲ್ಲ. "ಗೊತ್ತಾದ್ರ ನನಗ ಬಂದು ಹೇಳು ಮತ್ತ," ಎಂದರು. ಹೇಳುತ್ತೇನೆ ಎಂದು ಮಾತು ಕೊಟ್ಟೆ. ಮೂರು ದಿನವೂ ಅಲ್ಲೇ ಇದ್ದೆ. ಹೋಗುವ ದಿನ ಅತ್ತೆ, ವೈನಿಗೆಂದು ಅಕ್ಕಲಕೋಟೆಯ ಸಂತೆಯಲ್ಲಿ ಒಂದು ಜರಡಿ ಕೊಡಿಸಿದರು.

ಪಿಎಚ್.ಡಿ. ಆಗಲಿಲ್ಲ. ಹಿತ್ತಾಳೆಯ ಕೊಳವೆಯಿಲ್ಲದೆ ಕೆಲಸ ನಿಂತಿತು, ಕೋಣೆಗೆ ಬೆಂಚುಗಳು ವಾಪಸು ಬಂದವು. ಪಾಠ ಮಾಡುತ್ತಾ ಉಳಿದೆ. ಅತ್ತೆ ಎರಡು ವರ್ಷದ ನಂತರ, ಎಪ್ಪತ್ತರ ದಶಕ ಮುಗಿಯುವ ಮೊದಲೇ, ಒಂದು ಸಣ್ಣ ಜ್ವರದಲ್ಲಿ ಹೋಗಿಬಿಟ್ಟರು. ವಾಡೆ ಖಾಲಿ ಮಾಡಲು ಹೋದಾಗ ಬಾವಿಯಲ್ಲಿ ಬಿಸ್ಕೀಟಿನ ಡಬ್ಬಿ ಇನ್ನೂ ತೂಗುತ್ತಿತ್ತು. ಹಗ್ಗ ಹೊಸದಿತ್ತು. ಯಾವಾಗಲೋ ಅವರೇ ಬದಲಾಯಿಸಿದ್ದರು.

ಅತ್ತೆಯ ಪ್ರಶ್ನೆಗೆ ಉತ್ತರ ಬರಲು ಬಹಳ ವರ್ಷಗಳಾದವು. ನಿವೃತ್ತಿಯ ಹತ್ತಿರದ ದಿನಗಳಲ್ಲಿ ಕಾಲೇಜಿನ ಗ್ರಂಥಾಲಯದಲ್ಲಿ ಕೂತು ಒಂದು ಪತ್ರಿಕೆ ತಿರುವುತ್ತಿದ್ದೆ. ಎಲ್ಲ ಬಿಡಿಸಿ ಬರೆದಿತ್ತು. ಒಳಗೆ ಹುಟ್ಟಿದ ತುಂಡು, ಅದೂ ಎಲ್ಲಕ್ಕಿಂತ ದೊಡ್ಡದು, ತಯಾರಾಗುತ್ತಿರುವಾಗಲೇ ಗೋಡೆಯೊಳಗೆ ಇಳಿಯುತ್ತದೆ. ಹೊರಗಿನಿಂದ ಬಂದವು ಆಮೇಲೆ ಅದರ ಸುತ್ತ ಸೇರುತ್ತವೆ. ಇಳಿಸಲು ಗೋಡೆಯಲ್ಲೇ ಒಂದು ಪ್ರೋಟೀನು ನಿಂತಿರುತ್ತದೆ, ಅದು ಇಲ್ಲದಿದ್ದರೆ ತುಂಡುಗಳು ತಯಾರಾಗುತ್ತವೆ, ಗೋಡೆಯಲ್ಲಿ ಕೂರುವುದಿಲ್ಲ. ಅಂಥ ಈಸ್ಟು ನಿಜವಾಗಿಯೂ ಇತ್ತು. ಬೇರೆಲ್ಲೋ, ಬೇರೆ ಯಾರಿಗೋ ಸಿಕ್ಕಿತ್ತು. ಹೊಟ್ಟೆಕಿಚ್ಚಾಗಬೇಕಿತ್ತು, ಆಗಲಿಲ್ಲ. ಪುಟ ಮುಚ್ಚುವ ಮೊದಲೇ ನನ್ನ ಬಾಯಿಯಿಂದ ಮಾತು ಹೊರಬಿದ್ದಿತ್ತು.

"ಒಳಗ ಹುಟ್ಟಿದ್ದ ಮೊದಲ ಕುಂದರ್ತದ, ಅತ್ತಿ."

ಮೇಜಿನ ಆಚೆ ಕೂತಿದ್ದ ಗ್ರಂಥಪಾಲಕಿ ತಲೆಯೆತ್ತಿ, ಏನಂದಿರಿ ಎಂದು ಮರಾಠಿಯಲ್ಲಿ ಕೇಳಿದಳು, "ಕಾಯ್ ಮ್ಹಣಾಲಾತ್, ಮ್ಯಾಡಮ್?"

"ಕಾಹೀ ನಾಹೀ," ಎಂದೆ. ಏನಿಲ್ಲ.